ಬಾಗಿಲು ತೆರೆದ ಮೇಲೂ ಉಳಿದ ಹೊಸ್ತಿಲು: 1856ರ ಧಾರವಾಡ ಪ್ರಕರಣದ ಬೆಳಕಿನಲ್ಲಿ ವಂಚಿತ ಮಕ್ಕಳ ಶಿಕ್ಷಣಾವಕಾಶ

ಶಿಕ್ಷಣದಲ್ಲಿ ಸಮಾನ ಅವಕಾಶವಿರಬೇಕೆಂಬ ಮಾತನ್ನು ಇಂದು ಬಹಿರಂಗವಾಗಿ ಅಲ್ಲಗಳೆಯುವವರು ವಿರಳ. ಸಂವಿಧಾನ ಅದನ್ನು ಸಾರುತ್ತದೆ, ಕಾನೂನು ಅದನ್ನು ವಿಧಿಸುತ್ತದೆ, ಆಯೋಗಗಳ ವರದಿಗಳು ಅದನ್ನು ಪುನರುಚ್ಚರಿಸುತ್ತವೆ. ಆದರೂ ದಲಿತರ, ಅಲೆಮಾರಿಗಳ, ವಲಸೆ ಕೂಲಿಕಾರರ ಮಕ್ಕಳಲ್ಲಿ ಅನೇಕರು ಶಾಲೆಯ ಹೊರಗೆ ಉಳಿಯುತ್ತಾರೆ. ಒಳಗೆ ಬಂದವರಲ್ಲಿಯೂ ಹಲವರು ಅರ್ಧದಾರಿಯಲ್ಲಿಯೇ ಹೊರಬೀಳುತ್ತಾರೆ. ತತ್ತ್ವವನ್ನು ಒಪ್ಪಿಕೊಂಡ ಮೇಲೂ ಅಸಮಾನತೆ ಉಳಿದುಬರುವುದು ಹೇಗೆ ಎಂಬುದೇ ಇಲ್ಲಿಯ ಮೂಲಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕನ್ನಡ ನಾಡಿನ ಧಾರವಾಡದಲ್ಲಿ 1856ರಲ್ಲಿ ನಡೆದ ಒಂದು ಸಣ್ಣ ಘಟನೆ ಈ ಸಮಸ್ಯೆಯ ಸ್ವರೂಪವನ್ನು ಸ್ಪಷ್ಟವಾಗಿ ತೆರೆದಿಡುತ್ತದೆ. ಆ ಘಟನೆಯನ್ನು ವಿವರಿಸಿ, ಅಲ್ಲಿ ಕಾಣುವ ತರ್ಕವು ಮುಂದಿನ ಕಾಲದಲ್ಲಿ ಯಾವ ಯಾವ ರೂಪ ತಾಳಿತು, ಅದನ್ನು ಎದುರಿಸಲು ಯಾವ ಯಾವ ಉಪಾಯಗಳು ಹುಟ್ಟಿಕೊಂಡವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಧಾರವಾಡದ ಅರ್ಜಿ

1854ರ ವುಡ್ ಅವರ ಶಿಕ್ಷಣ ನಿರೂಪವು ಭಾರತದಲ್ಲಿ ಸಾರ್ವಜನಿಕ ಶಿಕ್ಷಣ ವ್ಯವಸ್ಥೆಗೆ ತಳಹದಿ ಹಾಕಿತೆಂಬುದು ಸರ್ವವಿದಿತ. ಜನಸಾಮಾನ್ಯರಿಗೆ ಉಪಯುಕ್ತ ಜ್ಞಾನವನ್ನು ತಲುಪಿಸುವ ಹೊಣೆ ಸರಕಾರದ್ದೆಂದು ಅದು ಒಪ್ಪಿಕೊಂಡಿತ್ತು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಿರೂಪ ಹೊರಟು ಎರಡು ವರ್ಷ ಕಳೆಯುವಷ್ಟರಲ್ಲಿ, 1856ರ ಜೂನ್ ತಿಂಗಳಿನಲ್ಲಿ, ಒಬ್ಬ ಮಹಾರ್ ಬಾಲಕನ ಪರವಾಗಿ ಮುಂಬಯಿ ಸರಕಾರಕ್ಕೆ ಒಂದು ಅರ್ಜಿ ಬಂದಿತು. ಎಲ್ಲರಂತೆ ಶುಲ್ಕ ಕೊಡಲು ಸಿದ್ಧನಿದ್ದರೂ ಧಾರವಾಡದ ಸರಕಾರಿ ಶಾಲೆಯಲ್ಲಿ ಆತನಿಗೆ ಪ್ರವೇಶ ನಿರಾಕರಿಸಲಾಗಿದೆ ಎಂಬುದು ಅದರ ಸಾರ.

ಸರಕಾರವು 1856ರ ಜುಲೈ 21ರ ಠರಾವಿನಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಆ ಉತ್ತರದ ಧಾಟಿ ಗಮನಾರ್ಹ. ಅರ್ಜಿದಾರನ ಬೇಡಿಕೆ ಅನ್ಯಾಯವೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಬದಲಾಗಿ, ತಾತ್ತ್ವಿಕವಾಗಿ ನ್ಯಾಯ ಆತನ ಪಕ್ಷದಲ್ಲಿಯೇ ಇದೆ ಎಂದು ಒಪ್ಪಿಕೊಳ್ಳುತ್ತದೆ. ಆತನಿಗೆ ಅಡ್ಡಿಯಾಗಿರುವ ಪೂರ್ವಗ್ರಹಗಳು ಬೇಗನೆ ತೊಲಗಲಿ ಎಂದು ಹಾರೈಸುತ್ತದೆ. ಬಳಿಕ, ಒಬ್ಬಿಬ್ಬರ ಸಲುವಾಗಿ ಬಹುಕಾಲದ ಪೂರ್ವಗ್ರಹಗಳ ಮೇಲೆ ಒಮ್ಮೆಲೇ ಕೈಹಾಕಿದರೆ ಶಿಕ್ಷಣ ಕಾರ್ಯಕ್ಕೇ ಹಾನಿಯಾದೀತು, ಈ ತೊಡಕನ್ನು ಹುಟ್ಟಿಸಿದ್ದು ಸರಕಾರವಲ್ಲ, ಆದ್ದರಿಂದ ಅದನ್ನು ಕೂಡಲೇ ನಿವಾರಿಸುವುದು ಸರಕಾರಕ್ಕೆ ಸಾಧ್ಯವಿಲ್ಲ ಎಂದು ಕೈಚೆಲ್ಲುತ್ತದೆ.

ವಿಷಯ ಅಲ್ಲಿಗೆ ನಿಲ್ಲಲಿಲ್ಲ. 1857ರ ಜನವರಿಯಲ್ಲಿ ಭಾರತ ಸರಕಾರವು ತನ್ನ ಅಭಿಪ್ರಾಯವನ್ನು ತಿಳಿಸಿತು. ಮುಂಬಯಿ ಸರಕಾರ ಜಾಣತನದಿಂದ ನಡೆದುಕೊಂಡಿರಬಹುದು, ಆದರೆ ಬಂಗಾಳ ಪ್ರಾಂತದ ಯಾವ ಸರಕಾರಿ ಶಾಲೆಯಲ್ಲಿಯೂ ಈ ಹುಡುಗನಿಗೆ ಪ್ರವೇಶ ತಪ್ಪುತ್ತಿರಲಿಲ್ಲ ಎಂಬುದು ಅದರ ನಿಲುವು. ಕೊನೆಗೆ 1858ರ ಏಪ್ರಿಲ್ 28ರ ನಿರೂಪದಲ್ಲಿ ಕಂಪನಿಯ ನಿರ್ದೇಶಕ ಮಂಡಲಿಯು ಸರಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವು, ಈ ತತ್ತ್ವವನ್ನು ಬಿಟ್ಟುಕೊಡಲಾಗದು ಎಂದು ಘೋಷಿಸಿತು. 1882ರಲ್ಲಿ ನೇಮಕಗೊಂಡ ಹಂಟರ್ ಆಯೋಗವೂ ಈ ತತ್ತ್ವವನ್ನು ಎತ್ತಿಹಿಡಿಯಿತು. ಆದರೆ ಒಪ್ಪದ ಸಮುದಾಯದ ಮೇಲೆ ಅದನ್ನು ಹೇರದೆ ಎಚ್ಚರಿಕೆಯಿಂದ ಅನ್ವಯಿಸಬೇಕೆಂದು ಸೂಚಿಸಿ, ಕೆಳಜಾತಿಗಳ ಮಕ್ಕಳು ಸಾಕಷ್ಟಿರುವ ಕಡೆ ಪ್ರತ್ಯೇಕ ಶಾಲೆಗಳನ್ನು ಪ್ರೋತ್ಸಾಹಿಸಬೇಕೆಂದಿತು. ಡಾ. ಬಿ. ಆರ್. ಅಂಬೇಡ್ಕರ್ ಅವರು 1928ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಸಲ್ಲಿಸಿದ ಶಿಕ್ಷಣ ಸಂಬಂಧವಾದ ನಿವೇದನೆಯಲ್ಲಿ ಈ ಧಾರವಾಡ ಪ್ರಕರಣವನ್ನು ವಿವರವಾಗಿ ಚರ್ಚಿಸಿರುವುದು ಇದರ ಮಹತ್ತ್ವಕ್ಕೆ ಸಾಕ್ಷಿ.

ಮುಂಬಯಿ ಕರ್ನಾಟಕದ ಶಿಕ್ಷಣೇತಿಹಾಸವೆಂದರೆ ನಮಗೆ ಮೊದಲು ನೆನಪಾಗುವುದು ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆಗಳು ತಲೆಯೆತ್ತಿದ ಕಥೆ, ಡೆಪ್ಯುಟಿ ಚೆನ್ನಬಸಪ್ಪನವರಂಥವರ ಶ್ರಮ. ಅದು ಸ್ಮರಣೀಯವೇ ಸರಿ. ಆದರೆ ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಶಾಲೆಯ ಭಾಷೆ ಯಾವುದು ಎಂಬ ಪ್ರಶ್ನೆಯ ಜೊತೆಗೆ ಶಾಲೆ ಯಾರದು ಎಂಬ ಪ್ರಶ್ನೆಯೂ ಎದ್ದಿತ್ತು. ಮೊದಲ ಪ್ರಶ್ನೆಯ ಇತಿಹಾಸವನ್ನು ನಾವು ಅಭಿಮಾನದಿಂದ ಬರೆದುಕೊಂಡಿದ್ದೇವೆ. ಎರಡನೆಯದಕ್ಕೆ ಅಷ್ಟು ಸ್ಥಳ ಕೊಟ್ಟಿಲ್ಲ.

2. ಉತ್ತರದೊಳಗಿನ ತರ್ಕ

1856ರ ಠರಾವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಮೆಟ್ಟಿಲುಗಳು ಕಾಣುತ್ತವೆ. ಒಂದು, ತತ್ತ್ವದ ಅಂಗೀಕಾರ: ನ್ಯಾಯ ನಿನ್ನದೇ. ಎರಡು, ಆಚರಣೆಯ ತೊಡಕು: ಆದರೆ ಈಗ ಸಾಧ್ಯವಿಲ್ಲ. ಮೂರು, ಹೊಣೆಯ ವರ್ಗಾವಣೆ: ಈ ತೊಡಕು ನಮ್ಮಿಂದಾದದ್ದಲ್ಲ. ಈ ಮೂರೂ ಒಟ್ಟುಗೂಡಿದಾಗ ತತ್ತ್ವಕ್ಕೆ ಭಂಗ ಬಾರದಂತೆಯೇ ಮಗು ಶಾಲೆಯ ಹೊರಗೆ ಉಳಿಯುತ್ತದೆ. ಬಾಗಿಲು ತೆರೆಯುವುದರಿಂದ ಆಗುವ ನಷ್ಟವನ್ನು ಯಾರು ಹೊರಬೇಕು ಎಂಬುದು ಇಲ್ಲಿಯ ನಿಜವಾದ ಪ್ರಶ್ನೆ. ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿದರೆ ಶಾಲೆ ಮುಚ್ಚಬೇಕಾದೀತೆಂಬ ಭಯ ಅಂದಿನ ಅಧಿಕಾರಿಗಳಿಗಿತ್ತು. ಆ ನಷ್ಟವನ್ನು ಸರಕಾರ ಹೊರಲಿಲ್ಲ, ಬಹುಸಂಖ್ಯಾತರೂ ಹೊರಲಿಲ್ಲ. ಅದನ್ನು ಹೊತ್ತವನು ಶುಲ್ಕವನ್ನು ಕೈಯಲ್ಲಿ ಹಿಡಿದು ನಿಂತ ಬಾಲಕ.

ಪ್ರವೇಶ ದೊರೆತ ಮಾತ್ರಕ್ಕೆ ಸಮಾನತೆ ದೊರೆಯಿತೆಂದೂ ತಿಳಿಯುವಂತಿಲ್ಲ. ಸಾತಾರೆಯ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ತರಗತಿಯ ಒಳಗಿದ್ದರು. ಆದರೆ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತುಕೊಳ್ಳಬೇಕಾಗಿತ್ತು, ಸಂಜೆ ಅದನ್ನು ಮನೆಗೆ ಒಯ್ಯಬೇಕಾಗಿತ್ತು. ಬಾಯಾರಿದರೆ ಶಾಲೆಯ ಜವಾನನು ನೀರು ಹೊಯ್ಯುವವರೆಗೆ ಕಾಯಬೇಕಾಗಿತ್ತು. ಹೊರಬಾಗಿಲು ತೆರೆದ ಮೇಲೂ ಒಳಗೆ ಇನ್ನೊಂದು ಹೊಸ್ತಿಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

3. ಪ್ರತ್ಯೇಕ ಶಾಲೆಯೋ ಸಾಮಾನ್ಯ ಶಾಲೆಯೋ

ಈ ತೊಡಕಿಗೆ ಹತ್ತೊಂಬತ್ತನೆಯ ಶತಮಾನ ಕಂಡುಕೊಂಡ ಮೊದಲ ಉಪಾಯ ಪ್ರತ್ಯೇಕ ಶಾಲೆ. ಪುಣೆಯಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು 1848ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ಮುಂದಿನ ಕೆಲವೇ ವರ್ಷಗಳಲ್ಲಿ ಮಹಾರ್, ಮಾಂಗ್ ಮೊದಲಾದವರ ಮಕ್ಕಳಿಗೆ ಶಾಲೆಗಳನ್ನೂ ತೆರೆದರು. 1882ರಲ್ಲಿ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನೀಡಿದ ಫುಲೆ, ಕನಿಷ್ಠ 12 ವರ್ಷದವರೆಗಾದರೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದು ವಾದಿಸಿದರು. ಸರಕಾರದ ಬೊಕ್ಕಸಕ್ಕೆ ಹಣ ಸಲ್ಲಿಸುವವರು ರೈತರು, ಆದರೆ ಅದರಿಂದ ನಡೆಯುವ ಉಚ್ಚ ಶಿಕ್ಷಣದ ಫಲ ದೊರೆಯುವುದು ಮೇಲ್ವರ್ಗದವರಿಗೆ ಎಂಬುದು ಅವರ ಮುಖ್ಯ ಆಕ್ಷೇಪವಾಗಿತ್ತು.

ಕರಾವಳಿಯಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ಆರಂಭಿಸಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಸ್ವಜಾತಿಯವರ ಬಹಿಷ್ಕಾರವನ್ನು ಲೆಕ್ಕಿಸದೆ ಅವರು ಶಾಲೆಯ ಜೊತೆಗೆ ವಸತಿ, ಕೈಕಸುಬುಗಳ ಕಲಿಕೆಗಳನ್ನೂ ಹೊಂದಿಸಿದರು. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಪ್ರಾಥಮಿಕ ಶಿಕ್ಷಣ ಕುರಿತ ಶಾಸನ ಜಾರಿಗೆ ಬಂದಿತು. ಅದೇ ದಶಕದಲ್ಲಿ ಪಂಚಮರ ಮಕ್ಕಳನ್ನು ಸಾಮಾನ್ಯ ಶಾಲೆಗಳಿಗೆ ಸೇರಿಸುವ ಪ್ರಯತ್ನಗಳೂ ನಡೆದವು, ಅದಕ್ಕೆ ಮೇಲ್ಜಾತಿಗಳ ವಿರೋಧವೂ ಎದುರಾಯಿತು. 1919ರಲ್ಲಿ ವರದಿ ಸಲ್ಲಿಸಿದ ಸರ್ ಲೆಸ್ಲಿ ಮಿಲ್ಲರ್ ಸಮಿತಿಯು ಮುಖ್ಯವಾಗಿ ಸರಕಾರಿ ಉದ್ಯೋಗಗಳನ್ನು ಕುರಿತದ್ದಾದರೂ, ಉದ್ಯೋಗದ ಅಸಮಾನತೆಯ ಬೇರು ಶಿಕ್ಷಣದ ಅಸಮಾನತೆಯಲ್ಲಿದೆ ಎಂಬುದನ್ನು ಆಡಳಿತದ ಗಮನಕ್ಕೆ ತಂದಿತು.

ಪ್ರತ್ಯೇಕ ಶಾಲೆಯಿಂದ ಅಕ್ಷರ ದೊರೆಯಿತು. ಆದರೆ ಅದು ಅಸ್ಪೃಶ್ಯತೆಗೆ ಸರಕಾರಿ ಮುದ್ರೆಯನ್ನೂ ಒತ್ತಿತು. ಇದನ್ನು ಗುರುತಿಸಿದ ಕೊಲ್ಲಾಪುರದ ಶಾಹು ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸಿ, 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ರದ್ದುಗೊಳಿಸಿ ಆ ಮಕ್ಕಳನ್ನು ಸಾಮಾನ್ಯ ಶಾಲೆಗಳಿಗೇ ಸೇರಿಸಿಕೊಳ್ಳಬೇಕೆಂದು ಆಜ್ಞೆ ಮಾಡಿದರು. 1856ರ ಠರಾವಿಗೂ ಇದಕ್ಕೂ ಇರುವ ವ್ಯತ್ಯಾಸ ಸ್ಪಷ್ಟ. ಅಲ್ಲಿ ಪೂರ್ವಗ್ರಹ ತಾನಾಗಿ ತೊಲಗಲಿ ಎಂಬ ಹಾರೈಕೆ; ಇಲ್ಲಿ ಅದನ್ನು ತೊಲಗಿಸುವ ಹೊಣೆಯನ್ನು ಪ್ರಭುತ್ವವೇ ಹೊತ್ತಿತು.

4. ಅನ್ನ ಮತ್ತು ವಸತಿ

ಜಾತಿಯ ಅಡ್ಡಿ ನಿವಾರಣೆಯಾದರೂ ಬಡತನದ ಅಡ್ಡಿ ಉಳಿಯುತ್ತದೆ. ಪ್ರೌಢಶಾಲೆ ಇರುವುದು ಪಟ್ಟಣದಲ್ಲಿ, ಮಗು ಇರುವುದು ಹಳ್ಳಿಯಲ್ಲಿ. ಪಟ್ಟಣದಲ್ಲಿ ಉಳಿದುಕೊಳ್ಳಲು ನೆಂಟರ ಮನೆಯಿಲ್ಲದವನಿಗೆ ತೆರೆದ ಬಾಗಿಲಿನಿಂದ ಏನು ಪ್ರಯೋಜನ? ಈ ಪ್ರಶ್ನೆಗೆ ದಕ್ಷಿಣ ಮಹಾರಾಷ್ಟ್ರ ಮತ್ತು ಕರ್ನಾಟಕಗಳು ಕೊಟ್ಟ ಉತ್ತರ ವಿದ್ಯಾರ್ಥಿನಿಲಯ. ನಮ್ಮ ಶಿಕ್ಷಣೇತಿಹಾಸದಲ್ಲಿ ಶಾಲೆಗೆ ಸಂದ ಗೌರವ ವಿದ್ಯಾರ್ಥಿನಿಲಯಕ್ಕೆ ಸಂದಿಲ್ಲ. ವಾಸ್ತವದಲ್ಲಿ ಅನೇಕ ಸಮುದಾಯಗಳ ಮೊದಲ ತಲೆಮಾರಿನ ವಿದ್ಯಾವಂತರನ್ನು ರೂಪಿಸಿದ್ದು ಪಾಠದ ಕೋಣೆಯಷ್ಟೇ ಊಟದ ಪಂಕ್ತಿಯೂ ಹೌದು.

ಕೊಲ್ಲಾಪುರದಲ್ಲಿ 1901ರಿಂದ ಮೊದಲಾಗಿ ಮರಾಠಾ, ಜೈನ, ಲಿಂಗಾಯತ, ಮುಸ್ಲಿಂ, ಅಸ್ಪೃಶ್ಯ ಮೊದಲಾದ ಸಮುದಾಯಗಳಿಗೆ ಒಂದೊಂದಾಗಿ ವಸತಿನಿಲಯಗಳು ಏರ್ಪಟ್ಟವು. ಕನ್ನಡ ನಾಡಿನಲ್ಲಿ ಮಠಗಳ ದಾಸೋಹ ಪರಂಪರೆ ಈ ಅಗತ್ಯದೊಂದಿಗೆ ಕೂಡಿಕೊಂಡಿತು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠ ಮೊದಲಾದವು ಉಚಿತ ಪ್ರಸಾದನಿಲಯಗಳನ್ನು ನಡೆಸಿ ಹಳ್ಳಿಯ ಬಡ ಹುಡುಗರಿಗೆ ವಿದ್ಯೆಯ ದಾರಿ ತೆರೆದವು. ಜಾತಿಗೊಂದು ನಿಲಯವೆಂಬ ಈ ಪದ್ಧತಿ ಜಾತಿಪ್ರಜ್ಞೆಯನ್ನು ಬಲಪಡಿಸಿತೆಂಬ ಟೀಕೆಯಲ್ಲಿ ಸತ್ಯಾಂಶವಿದೆ. ಆದರೆ ಆ ನಿಲಯಗಳಿಲ್ಲದಿದ್ದರೆ ಆ ಮಕ್ಕಳಿಗೆ ವಿದ್ಯೆಯೇ ಇರುತ್ತಿರಲಿಲ್ಲವೆಂಬುದೂ ಅಷ್ಟೇ ಸತ್ಯ.

ಮಠಮಾನ್ಯಗಳ ಆಶ್ರಯವಿಲ್ಲದ ದಲಿತ ಸಮುದಾಯಗಳಿಗೆ ಈ ದಾರಿ ಇನ್ನೂ ಕಠಿಣವಾಗಿತ್ತು. ಅಂಬೇಡ್ಕರರು ಬಹಿಷ್ಕೃತ ಹಿತಕಾರಿಣೀ ಸಭೆಯ ಮೂಲಕ ಕೈಗೊಂಡ ಮೊದಲ ರಚನಾತ್ಮಕ ಕಾರ್ಯಗಳಲ್ಲಿ 1925ರಲ್ಲಿ ಸೊಲ್ಲಾಪುರದಲ್ಲಿ ತೆರೆದ ವಿದ್ಯಾರ್ಥಿನಿಲಯವೂ ಒಂದು. ಸೊಲ್ಲಾಪುರ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಊರು. ಮುಂದೆ 1920ರ ದಶಕದ ಕೊನೆಯಲ್ಲಿ ಅವರ ಪ್ರಯತ್ನದಿಂದ ಧಾರವಾಡದಲ್ಲಿಯೂ ದಲಿತ ವಿದ್ಯಾರ್ಥಿಗಳಿಗೆ ವಸತಿನಿಲಯ ಏರ್ಪಟ್ಟಿತು. 1856ರಲ್ಲಿ ಒಬ್ಬ ಬಾಲಕನನ್ನು ಹಿಂದಕ್ಕೆ ಕಳುಹಿಸಿದ ಊರಿನಲ್ಲಿ, ಏಳು ದಶಕಗಳ ತರುವಾಯ, ಅದೇ ಸಮುದಾಯಗಳ ವಿದ್ಯಾರ್ಥಿಗಳಿಗೆ ತಲೆಯ ಮೇಲೊಂದು ಸೂರು ದೊರೆಯಿತು. ಇದು ದಾನದಿಂದ ಬಂದದ್ದಲ್ಲ, ಹಕ್ಕೊತ್ತಾಯದಿಂದ ಬಂದದ್ದು ಎಂಬುದನ್ನು ಮರೆಯಬಾರದು.

ಸ್ವಾತಂತ್ರ್ಯಾನಂತರ ಈ ಹೊಣೆಯ ಒಂದು ಭಾಗವನ್ನು ಸರಕಾರ ವಹಿಸಿಕೊಂಡಿತು. ದೇವರಾಜ ಅರಸು ಅವರ ಕಾಲದಲ್ಲಿ, 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ಸಲ್ಲಿಸಿದ ಎಲ್. ಜಿ. ಹಾವನೂರು ಆಯೋಗದ ತರುವಾಯ ಹಿಂದುಳಿದ ವರ್ಗಗಳ ಶಿಕ್ಷಣದ ಪ್ರಶ್ನೆ ಕರ್ನಾಟಕದ ರಾಜಕಾರಣದ ಮುನ್ನೆಲೆಗೆ ಬಂದಿತು. ಅನ್ನದ ವಿಷಯದಲ್ಲಿ ತಮಿಳುನಾಡು ಮುಂದಿತ್ತು. ಕಾಮರಾಜರು 1956ರಲ್ಲಿ ಆರಂಭಿಸಿದ ಶಾಲಾ ಊಟದ ಯೋಜನೆ 1982ರಲ್ಲಿ ಎಂ. ಜಿ. ರಾಮಚಂದ್ರನ್ ಅವರ ಕಾಲದಲ್ಲಿ ವ್ಯಾಪಕವಾಯಿತು. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಯೋಜನೆ ಈಶಾನ್ಯ ಭಾಗದ ಜಿಲ್ಲೆಗಳಿಂದ ಆರಂಭವಾದದ್ದು ಉಚಿತವೇ ಆಗಿತ್ತು, ಏಕೆಂದರೆ ರಾಜ್ಯದಲ್ಲಿ ಶಿಕ್ಷಣ ಅತ್ಯಂತ ಹಿಂದುಳಿದದ್ದು ಆ ಭಾಗದಲ್ಲಿಯೇ. ಯೋಜನೆಯ ಹೆಸರಿನಲ್ಲಿಯೇ ಅಕ್ಷರಕ್ಕೂ ಅನ್ನಕ್ಕೂ ಇರುವ ನಂಟು ಅಡಗಿದೆ.

5. ಹಕ್ಕಾಗಿ ಶಿಕ್ಷಣ

ಸಂವಿಧಾನದ 45ನೆಯ ಅನುಚ್ಛೇದವು 14 ವರ್ಷದವರೆಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷಗಳೊಳಗೆ ಉಚಿತ, ಕಡ್ಡಾಯ ಶಿಕ್ಷಣ ನೀಡಲು ಪ್ರಭುತ್ವ ಪ್ರಯತ್ನಿಸಬೇಕೆಂದಿತ್ತು. ಅದು ನಿರ್ದೇಶಕ ತತ್ತ್ವವಾಗಿತ್ತೇ ಹೊರತು ಹಕ್ಕಾಗಿರಲಿಲ್ಲ. ಹಕ್ಕಿನ ಚರ್ಚೆಗೆ ಕಾರಣವಾದದ್ದು ಕರ್ನಾಟಕದ್ದೇ ಒಂದು ಮೊಕದ್ದಮೆ. ವೃತ್ತಿಶಿಕ್ಷಣದಲ್ಲಿ ತಲೆಗಂದಾಯ ಶುಲ್ಕದ ಪ್ರಶ್ನೆಯ ಮೇಲೆ ನಡೆದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಸಾರಿತು. 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಈ ಹಕ್ಕನ್ನು 14 ವರ್ಷದವರೆಗಿನ ಶಿಕ್ಷಣಕ್ಕೆ ಮಿತಿಗೊಳಿಸಲಾಯಿತು. 2002ರ 86ನೆಯ ತಿದ್ದುಪಡಿ ಅದನ್ನು ಸಂವಿಧಾನದಲ್ಲಿ ಸೇರಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು.

ಈ ಕಾಯಿದೆಯ 12(1)(ಸಿ) ಪ್ರಕರಣವು ಖಾಸಗಿ ಅನುದಾನರಹಿತ ಶಾಲೆಗಳು ಒಂದನೆಯ ತರಗತಿಯಲ್ಲಿ ಕನಿಷ್ಠ ಶೇಕಡ 25ರಷ್ಟು ಸ್ಥಾನಗಳನ್ನು ನೆರೆಹೊರೆಯ ದುರ್ಬಲ ಮತ್ತು ವಂಚಿತ ವರ್ಗಗಳ ಮಕ್ಕಳಿಗೆ ಕೊಡಬೇಕೆಂದು ವಿಧಿಸುತ್ತದೆ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. 2014ರಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಕರ್ನಾಟಕ ಸರಕಾರ 2018ರ ಡಿಸೆಂಬರಿನಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಬಾಧ್ಯತೆಯಿಲ್ಲವೆಂದಿತು. ರಾಜ್ಯದ ಉಚ್ಚ ನ್ಯಾಯಾಲಯ 2019ರಲ್ಲಿ ಅದನ್ನು ಮಾನ್ಯಮಾಡಿತು. ಮಹಾರಾಷ್ಟ್ರ ಸರಕಾರವೂ 2024ರ ಫೆಬ್ರುವರಿಯಲ್ಲಿ ಇಂಥದೇ ತಿದ್ದುಪಡಿ ತಂದಾಗ ಮುಂಬಯಿ ಉಚ್ಚ ನ್ಯಾಯಾಲಯವು ಅದೇ ವರ್ಷದ ಜುಲೈಯಲ್ಲಿ ಅದನ್ನು ರದ್ದುಪಡಿಸಿತು. ಒಂದೇ ಕಾಯಿದೆ, ಹೋಲುವ ನಿಯಮ, ಆದರೆ ನೆರೆಯ ಎರಡು ರಾಜ್ಯಗಳಲ್ಲಿ ಭಿನ್ನ ಫಲಿತಾಂಶ.

ಕರ್ನಾಟಕದ ತಿದ್ದುಪಡಿಯ ಸಮರ್ಥಕರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಾರ್ವಜನಿಕ ಹಣ ಖಾಸಗಿ ಶಾಲೆಗಳಿಗೆ ಹರಿದು ಸರಕಾರಿ ಕನ್ನಡ ಶಾಲೆಗಳು ಬರಿದಾಗುತ್ತಿವೆ ಎಂಬ ಆತಂಕ ನಿಜವಾದದ್ದು. ಆದರೆ ಉಳ್ಳವರ ಮಕ್ಕಳು ಒಂದು ಶಾಲೆಗೆ, ಇಲ್ಲದವರ ಮಕ್ಕಳು ಇನ್ನೊಂದು ಶಾಲೆಗೆ ಎಂಬ ವಿಭಜನೆ ನೆಲೆಗೊಂಡರೆ ಹಂಟರ್ ಆಯೋಗದ ಪ್ರತ್ಯೇಕ ಶಾಲೆ ಬೇರೆ ಹೆಸರಿನಲ್ಲಿ ಮರಳಿದಂತಾಗುತ್ತದೆ. ಸರಕಾರಿ ಶಾಲೆಯನ್ನು ಎಲ್ಲ ವರ್ಗದವರೂ ಬಯಸುವಂತೆ ಬಲಪಡಿಸದೆ ಬಡವರ ಮಕ್ಕಳನ್ನು ಮಾತ್ರ ಅಲ್ಲಿಗೆ ಹಿಂತಿರುಗಿಸುವುದು ಸಾಮಾನ್ಯ ಶಾಲೆಯ ಆದರ್ಶವಾಗಲಾರದು.

6. ಹೊರನಾಡಿನ ಹೊಸ್ತಿಲು

ಹೊರನಾಡಿನ ಸಂಶೋಧಕರಿಗೆ ಈ ವಿಷಯ ಇನ್ನೊಂದು ಕಾರಣದಿಂದ ಸಮೀಪವಾದದ್ದು. ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಂದ, ಲಂಬಾಣಿ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೂ ಇತರ ಕೂಲಿಗೂ ಬರುವ ಕುಟುಂಬಗಳು ಅನೇಕ. ದುಡಿಮೆ ಮುಗಿದ ಕಡೆಯಿಂದ ಮುಂದಿನ ದುಡಿಮೆಯ ಕಡೆಗೆ ಅವು ಸಾಗುತ್ತವೆ, ಮಕ್ಕಳೂ ಜೊತೆಯಲ್ಲಿ ಸಾಗುತ್ತಾರೆ. ಜೂನ್ ತಿಂಗಳಿನಲ್ಲಿ ಊರಿನ ಶಾಲೆಯ ಹಾಜರಿಪುಸ್ತಕದಲ್ಲಿ ಹೆಸರು ಬರೆಯಿಸಿದ ಮಗು ಸುಗ್ಗಿ ಮುಗಿದ ಮೇಲೆ ನಗರದ ಕಟ್ಟಡವೊಂದರ ಬುಡದಲ್ಲಿ ತಮ್ಮನನ್ನು ಆಡಿಸುತ್ತಿರುತ್ತದೆ. ಊರಿನ ಲೆಕ್ಕದಲ್ಲಿ ಅದು ಶಾಲೆಯ ಒಳಗಿದೆ. ನಗರದ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ.

ಕಾನೂನು ಈ ಮಗುವನ್ನು ಮರೆತಿಲ್ಲ. ಕಾಯಿದೆಯ 9ನೆಯ ಪ್ರಕರಣವು ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಹೇಳುತ್ತದೆ. 4ನೆಯ ಪ್ರಕರಣವು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. 14ನೆಯ ಪ್ರಕರಣದ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. 29ನೆಯ ಪ್ರಕರಣವು ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಲ್ಲಿ ಬೋಧನೆ ನಡೆಯಬೇಕೆಂದು ಆಶಿಸುತ್ತದೆ. ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿದಂತೆ ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿರುವುದು ದೇಶದಲ್ಲಿಯೇ ಅಪರೂಪದ ಸಂಗತಿ. ಆದರೆ ಕನ್ನಡ ಶಾಲೆಯಿರುವುದು ಹಿಂದೆ ಬಂದು ನೆಲೆಸಿದ ಕನ್ನಡಿಗರ ಬಡಾವಣೆಯಲ್ಲಿ. ಇಂದಿನ ಕೂಲಿಕಾರರ ಜೋಪಡಿಗಳು ಏಳುವುದು ನಗರದ ಹೊರ ಅಂಚಿನಲ್ಲಿ. ಶಾಲೆ ಇದ್ದಲ್ಲಿ ಮಗುವಿಲ್ಲ, ಮಗು ಇದ್ದಲ್ಲಿ ಶಾಲೆಯಿಲ್ಲ. ಇನ್ನು ಲಂಬಾಣಿ ಮಗುವಿಗೆ ಕನ್ನಡವೇ ಎರಡನೆಯ ಭಾಷೆ. ನಗರದಲ್ಲಿ ಅದಕ್ಕೆ ಎದುರಾಗುವ ಮರಾಠಿ ಅಥವಾ ತೆಲುಗು ಮೂರನೆಯದು. ಮಾತೃಭಾಷಾ ಮಾಧ್ಯಮವೆಂದು ನಾವು ಸುಲಭವಾಗಿ ಬಳಸುವ ಮಾತು ಈ ಮಗುವಿನ ಮುಂದೆ ತೊಡಕಿನದಾಗುತ್ತದೆ.

ಇಲ್ಲಿ ಮತ್ತೆ 1856ರ ಮೂರು ಮೆಟ್ಟಿಲುಗಳು ಕಾಣಿಸಿಕೊಳ್ಳುತ್ತವೆ. ಮಗುವಿಗೆ ಹಕ್ಕಿದೆ ಎಂದು ಎಲ್ಲರೂ ಒಪ್ಪುತ್ತಾರೆ. ವರ್ಷದ ನಡುವೆ ಬಂದ, ಭಾಷೆ ತಿಳಿಯದ, ಮೂರು ತಿಂಗಳಿಗೆ ಹೊರಟುಹೋಗುವ ಮಗುವನ್ನು ಸೇರಿಸಿಕೊಳ್ಳುವುದು ಕಷ್ಟವೆಂದು ಶಾಲೆ ಹೇಳಬಹುದು. ವಲಸೆಯನ್ನು ಹುಟ್ಟಿಸಿದ್ದು ತಾನಲ್ಲವೆಂದು ಈ ರಾಜ್ಯವೂ, ಊರು ಬಿಟ್ಟುಹೋದವರ ಹೊಣೆ ತನ್ನದಲ್ಲವೆಂದು ಆ ರಾಜ್ಯವೂ ಹೇಳಬಹುದು. ಒಂದೊಂದು ಮಾತಿನಲ್ಲಿಯೂ ಅಷ್ಟಿಷ್ಟು ನಿಜವಿರುತ್ತದೆ. ಒಟ್ಟು ಫಲ ಮಾತ್ರ ಧಾರವಾಡದ ಬಾಲಕನಿಗೆ ದೊರೆತದ್ದೇ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಶಿಕ್ಷಣಾವಕಾಶವೆಂಬುದು ಒಂದೇ ಬಾಗಿಲಲ್ಲ. ಜಾತಿ, ಅನ್ನ, ದೂರ, ದಾಖಲೆ, ಭಾಷೆ ಎಂಬ ಹೊಸ್ತಿಲುಗಳ ಸಾಲು. ಒಂದನ್ನು ದಾಟಿಸಿ ಉಳಿದವನ್ನು ಮರೆತ ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದಾಗಿ, ತತ್ತ್ವದ ಘೋಷಣೆಗಿಂತ ಆಚರಣೆಯ ವೆಚ್ಚವನ್ನು ಯಾರು ಹೊರುತ್ತಾರೆ ಎಂಬುದು ಮುಖ್ಯ. ಕೊಲ್ಲಾಪುರದ ಆಜ್ಞೆ, ಪ್ರಸಾದನಿಲಯಗಳ ಅನ್ನ, ದಲಿತ ವಸತಿನಿಲಯಗಳು, ಬಿಸಿಯೂಟ ಇವು ಫಲಿಸಿದ್ದು ಅವು ಆ ವೆಚ್ಚವನ್ನು ಮಗುವಿನ ಹೆಗಲಿನಿಂದ ಇಳಿಸಿದ್ದರಿಂದ. ಮೂರನೆಯದಾಗಿ, ವಲಸೆ ಮಗುವಿನ ವಿಷಯದಲ್ಲಿ ಹೊರಟ ಊರಿನ ಶಾಲೆಗೂ ಸೇರಿದ ಊರಿನ ಶಾಲೆಗೂ ಕೊಂಡಿ ಬೆಸೆಯದೆ ಗತ್ಯಂತರವಿಲ್ಲ. ಎರಡೂ ಕಡೆಯ ದಾಖಲೆ ಒಂದೇ ಆಗಿರುವುದು, ತಂದೆತಾಯಿ ಗುಳೆ ಹೋದ ತಿಂಗಳುಗಳಲ್ಲಿ ಊರಿನಲ್ಲಿಯೇ ಋತುಮಾನದ ವಸತಿ ದೊರೆಯುವುದು, ನಗರದಲ್ಲಿ ಮಗುವಿನ ಮಾತು ಬಲ್ಲ ಒಬ್ಬ ಶಿಕ್ಷಕನಾದರೂ ಇರುವುದು, ಇವು ಅತಿಯಾದ ಬೇಡಿಕೆಗಳಲ್ಲ.

ಇದರಲ್ಲಿ ಹೊರನಾಡಿನ ಕನ್ನಡ ವಿಭಾಗಗಳ ಪಾಲೂ ಇದೆ. ಮುಂಬಯಿ, ಪುಣೆಗಳ ಪತ್ರಾಗಾರಗಳಲ್ಲಿ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ಕಡತಗಳಿವೆ. ಕನ್ನಡ, ಮರಾಠಿ ಎರಡನ್ನೂ ಬಲ್ಲ ಸಂಶೋಧಕನು ಅವುಗಳಿಂದ ಕನ್ನಡ ಜಿಲ್ಲೆಗಳ ದಲಿತ ಶಿಕ್ಷಣದ ಚರಿತ್ರೆಯನ್ನು ಹೊರತೆಗೆಯಬಹುದು. ನಗರಗಳಲ್ಲಿರುವ ಕನ್ನಡ ವಲಸೆ ಕುಟುಂಬಗಳ ಮಕ್ಕಳ ಭಾಷಾ ಸ್ಥಿತಿಯನ್ನು ಸಮೀಕ್ಷಿಸಬಹುದು. ಕಾವ್ಯ, ಶಾಸನಗಳ ಅಧ್ಯಯನದಷ್ಟೇ ಇದೂ ಕನ್ನಡದ ಕೆಲಸ.

ಧಾರವಾಡದ ಅರ್ಜಿ 1856ರ ಜೂನಿನಲ್ಲಿ ಸಲ್ಲಿಕೆಯಾಯಿತು. ಎಲ್ಲರಿಗೂ ಶಾಲೆ ತೆರೆದಿದೆ ಎಂಬ ಘೋಷಣೆ ಹೊರಟದ್ದು 1858ರ ಏಪ್ರಿಲಿನಲ್ಲಿ. ಒಂದು ಸರಕಾರದ ಕಡತಕ್ಕೆ ಇದು ದೀರ್ಘ ಕಾಲವಲ್ಲ. ಆದರೆ ಓದಲು ಬಯಸಿದ ಹುಡುಗನ ಪಾಲಿಗೆ ಅವು ಶಾಲೆಯಲ್ಲಿ ಕಳೆಯಬೇಕಾಗಿದ್ದ ಎರಡು ವರ್ಷಗಳು. ಮಕ್ಕಳ ವಯಸ್ಸು ಕಡತಕ್ಕಾಗಿ ಕಾಯುವುದಿಲ್ಲ.